ಇಸ್ನೋಫಿಲಿಯಾ ಅಂದ ತಕ್ಷಣ ಬಾಳೆಹಣ್ಣು ಬಿಡಿಸಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗದ ಕಡೆಯವು. ಎಲ್ಲವೂ ಮಕ್ಕಳ ಅಲರ್ಜಿ, ಇಸ್ನೋಫಿಲಿಯಾ (ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಜಾಸ್ತಿ ಆಗುವುದು), ಉಬ್ಬಸದ ಸುತ್ತಲೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ದೀರಿ, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ ಆರು ವರ್ಷ. ರಾತ್ರಿ ಕೆಮ್ಮು, ಬೆಳಗಾದರೆ ಸೀನು. ರಕ್ತ ಪರೀಕ್ಷೆಯಲ್ಲಿ ಇಯೋಸಿನೋಫಿಲ್ 11 ಪರ್ಸೆಂಟ್ ಬಂತು. ಅತ್ತೆಯವರು ಬಾಳೆಹಣ್ಣು, ಮೊಸರು, ಶೇಂಗಾ, ಬದನೆಕಾಯಿ ಎಲ್ಲ ಬಂದ್ ಮಾಡಿಸಿದ್ದಾರೆ. ನಾದಿನಿಯ ಮಗನಿಗೆ ಹಿಂದೆ ಇದಕ್ಕೇ 21 ದಿನದ ಮಾತ್ರೆ ಬರೆದಿದ್ದರು, ಆ ಚೀಟಿ ಇನ್ನೂ ಇದೆ. ಅದನ್ನೇ ತಂದು ಕೊಡಬಹುದಾ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಡ. ಚೀಟಿ ಅಲ್ಲೇ ಇರಲಿ.

ಮೊದಲು ಲೆಕ್ಕ ನೋಡೋಣ. ನೀವು ಕಳಿಸಿರುವ ರಿಪೋರ್ಟ್‌ನಲ್ಲಿ ಒಟ್ಟು ಬಿಳಿ ರಕ್ತಕಣ 8,200 ಇದೆ. ಅದರ 11 ಪರ್ಸೆಂಟ್ ಅಂದರೆ 902. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಯೋಸಿನೋಫಿಲ್ 500ರವರೆಗೆ ಇದ್ದರೆ ಮಾಮೂಲಿ. ಅಲ್ಲಿಂದ 1,500ರವರೆಗೆ ಸ್ವಲ್ಪ ಜಾಸ್ತಿ. 1,500 ದಾಟಿ ಅಲ್ಲೇ ನಿಂತರೆ ಆಗ ಕೂತು ಕಾರಣ ಹುಡುಕಬೇಕು. ಒಟ್ಟು ಕಣ 4,400 ಇರುವ ಇನ್ನೊಂದು ಮಗುವಿಗೆ ಇದೇ 11 ಪರ್ಸೆಂಟ್ ಬಂದಿದ್ದರೆ ಲೆಕ್ಕ 484 ಆಗುತ್ತಿತ್ತು, ಅಂದರೆ ಏನೂ ಇಲ್ಲ. ಆದ್ದರಿಂದ ಬರೀ ಪರ್ಸೆಂಟ್ ನೋಡಿ ಹೆದರಬೇಡಿ. ಲ್ಯಾಬಿನವರು ಎಇಸಿ ಅಂತ ಬರೆಯುವ ಪೂರ್ತಿ ಸಂಖ್ಯೆ ಕೇಳಿ, ಅದಿಲ್ಲದಿದ್ದರೆ ನೀವೇ ಗುಣಿಸಿಕೊಳ್ಳಿ.

ಈ ಕಣವನ್ನು 1879ರಲ್ಲಿ ಗುರುತಿಸಿ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಕ್. ಇಯೋಸಿನ್ ಅನ್ನುವ ಕೆಂಪು ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತೆ ಅಂತ ಆ ಹೆಸರು. ಹೊಟ್ಟೆಹುಳದಂಥ ದೊಡ್ಡ ಪರಾವಲಂಬಿಗಳ ಮೇಲೆ ಬೀಳುವುದು ಇದರ ಕೆಲಸ ಅಂತ ಬಹಳ ಕಾಲ ಹೇಳುತ್ತಿದ್ದರು. ಅದಕ್ಕೇ ಜಂತುಹುಳ ಇದ್ದರೂ ಇದು ಏರುತ್ತದೆ. ಅಲರ್ಜಿ ಇರುವ ಮಗುವಿನಲ್ಲಿ ಹುಳ ಇಲ್ಲದಿದ್ದರೂ ಇವು ಮೂಗಿಗೆ, ಶ್ವಾಸಕೋಶಕ್ಕೆ, ಚರ್ಮಕ್ಕೆ ನುಗ್ಗಿ ತಮ್ಮೊಳಗಿನ ವಿಷದಂಥ ಪ್ರೋಟೀನ್ ಸುರಿಯುತ್ತವೆ. ರಕ್ತದಲ್ಲಿ ಇವು ಒಂದು ದಿನವೂ ಪೂರ್ತಿ ಇರುವುದಿಲ್ಲ, ಅಂಗಾಂಶಕ್ಕೆ ಹೋಗಿ ಕೂತುಬಿಡುತ್ತವೆ. ಬೆರಳಿಗೆ ಸೂಜಿ ಚುಚ್ಚಿ ನೋಡಿದ್ದು ದಾರಿಯಲ್ಲಿ ಓಡಾಡುತ್ತಿರುವವರ ತಲೆ ಎಣಿಕೆ ಅಷ್ಟೇ, ಮನೆಯೊಳಗೆ ಎಷ್ಟು ಜನ ಇದ್ದಾರೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ಇನ್ನು ಆ 21 ದಿನದ ಮಾತ್ರೆ. ಅದು ಡಿಇಸಿ ಇರಬೇಕು, ಆನೆಕಾಲು ರೋಗದ ಹುಳಕ್ಕೆ ಕೊಡುವಂಥದ್ದು. ಆ ಹುಳಕ್ಕೆ ಶ್ವಾಸಕೋಶ ವಿಪರೀತವಾಗಿ ತಿರುಗಿಬಿದ್ದಾಗ ರಾತ್ರಿ ಕೆಮ್ಮು, ದಮ್ಮು ಬರುತ್ತೆ. ಆಗ ಈ ಎಣಿಕೆ ಸಾಮಾನ್ಯವಾಗಿ 3,000 ದಾಟಿರುತ್ತೆ. ನಿಮ್ಮ ಹುಡುಗನದು 902. ಅಷ್ಟಕ್ಕೇ ಇಸ್ನೋಫಿಲಿಯಾ ಅಂತ ಹೆಸರಿಟ್ಟು ಡಿಇಸಿ ನುಂಗಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಇಸ್ನೋಫಿಲಿಯಾ ಒಂದು ಕಾಯಿಲೆಯೇ ಅಲ್ಲ. ಜ್ವರ ಬಂದಾಗ ಥರ್ಮಾಮೀಟರ್ ತೋರಿಸುವ ಸಂಖ್ಯೆ ಇರುತ್ತಲ್ಲ, ಇದೂ ಹಾಗೇ ಒಂದು ಸೂಚನೆ. ನಿಮ್ಮ ಮಗನ ವಿಷಯದಲ್ಲಿ ನನಗೆ ಮೊದಲು ಅನುಮಾನ ಬರುವುದು ಮೂಗಿನ ಅಲರ್ಜಿ, ಜೊತೆಗೆ ಸಣ್ಣದಾಗಿ ಉಬ್ಬಸ. ರಾತ್ರಿ ಎದೆಯಲ್ಲಿ ಸುಯ್ ಅನ್ನುವ ಸದ್ದು ಬಂದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಹಗಲು ಹತ್ತು ಗಂಟೆಗೆ ಕ್ಲಿನಿಕ್‌ಗೆ ಹೋದಾಗ ಆ ಸದ್ದು ಇರಲ್ಲ, ಬರಿಗೈಲಿ ವಾಪಸ್ ಬರ್ತೀರಿ.

ಬಾಳೆಹಣ್ಣು, ಮೊಸರು ಇವತ್ತಿಂದಲೇ ಕೊಡಿ. ತಿಂದ ಮೇಲೆ ಪ್ರತಿ ಸಲ ಏನಾದರೂ ಆಗಿದ್ದನ್ನು ನೀವೇ ಕಣ್ಣಾರೆ ನೋಡಿದ್ದರೆ ಮಾತು ಬೇರೆ. ಅತ್ತೆಯವರಿಗೆ ಈ ಪುಟ ಓದಿಸಿ, ಬೈಗುಳ ನನಗೇ ಬರಲಿ.

ಪ್ರಶ್ನೆ: ಮಗನಿಗೆ ಒಂಬತ್ತು. ಊಟಕ್ಕೆ ಕೂತರೆ ಮುಕ್ಕಾಲು ಗಂಟೆ ಏಳಲ್ಲ. ತುತ್ತಿಗೊಂದು ಸಲ ನೀರು ಕುಡೀತಾನೆ. ರೊಟ್ಟಿ ಮುಟ್ಟಲ್ಲ, ಅನ್ನ ಮಜ್ಜಿಗೆ ಮಾತ್ರ. ಹಟ ಅಂತ ಬೈದಿದ್ದೀವಿ, ಹೊಡೆದಿದ್ದೂ ಇದೆ. ಯುಗಾದಿ ಮಾರನೇ ದಿನ ಮಟನ್ ಚೂರು ಎದೆಯಲ್ಲಿ ಸಿಕ್ಕಿಕೊಂಡು ಎಂಜಲು ನುಂಗೋಕೂ ಆಗಲಿಲ್ಲ. ಬೆಂಗಳೂರಿನಲ್ಲಿ ಎಂಡೋಸ್ಕೋಪಿ ಮಾಡಿ ತೆಗೆದರು. ಅನ್ನನಾಳದ ಒಳಪದರದ ಚೂರು ತೆಗೆದು ಪರೀಕ್ಷೆ (ಬಯಾಪ್ಸಿ) ಮಾಡಿ ಅಲ್ಲಿ ಇಯೋಸಿನೋಫಿಲ್ 40 ಇದೆ ಅಂದರು, ಹಾಲು ಪೂರ್ತಿ ಬಿಡಿಸಿ ಅಂದರು. ರಕ್ತದಲ್ಲಿ ನೋಡಿದರೆ ನಾರ್ಮಲ್. ಇದೆಂಥ ಕಾಯಿಲೆ? ಇಂಜೆಕ್ಷನ್ ಬಂದಿದೆಯಂತೆ, ನಿಜವಾ?
ಒಬ್ಬ ತಂದೆ, ಚಳ್ಳಕೆರೆ

ಉತ್ತರ: ಈ ಪತ್ರ ಓದಿದ ಮೇಲೆ ಉಳಿದ ತಂದೆತಾಯಿಗಳೂ ಒಂದು ಸಲ ಮನೆಯ ಊಟದ ತಟ್ಟೆ ಕಡೆ ನೋಡಿದರೆ ಒಳ್ಳೆಯದು. ನಿಮ್ಮ ಹುಡುಗ ಹಟ ಮಾಡುತ್ತಿರಲಿಲ್ಲ. ಇಳಿಯದ ತುತ್ತನ್ನು ನೀರು ಹಾಕಿ ತಳ್ಳುತ್ತಿದ್ದ. ಜಾಸ್ತಿ ಅಗಿಯುವುದು, ಸಣ್ಣ ಸಣ್ಣ ಚೂರು ಮಾಡಿಕೊಳ್ಳುವುದು, ಎಲ್ಲದಕ್ಕೂ ಸಾರು ಸುರಿದುಕೊಳ್ಳುವುದು, ರೊಟ್ಟಿ, ಮಾಂಸ, ಬ್ರೆಡ್ ಬೇಡ ಅನ್ನುವುದು, ಮಾತ್ರೆ ನುಂಗೋಕೆ ಆಗಲ್ಲ ಅನ್ನುವುದು ಎಲ್ಲ ಈ ಕಾಯಿಲೆಯ ಮಕ್ಕಳು ತಾವೇ ಕಂಡುಕೊಂಡ ಉಪಾಯಗಳು. ಹುಟ್ಟಿದಾಗಿನಿಂದ ಹೀಗೇ ಇದ್ದರೆ ಎಲ್ಲರಿಗೂ ಹೀಗೇ ಅಂತ ಅವು ತಿಳಿದಿರುತ್ತವೆ, ಹೇಳುವುದಿಲ್ಲ. ಇನ್ನೂ ಸಣ್ಣ ಮಕ್ಕಳಲ್ಲಿ ಬರೀ ವಾಂತಿ, ಊಟ ಬೇಡ ಅನ್ನುವುದು, ತೂಕ ಏರದಿರುವುದು ಇಷ್ಟೇ ಕಾಣುತ್ತೆ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ.

ಇದರ ಹೆಸರು ಇಯೋಸಿನೋಫಿಲಿಕ್ ಈಸೋಫೆಜೈಟಿಸ್. ಆರೋಗ್ಯವಂತ ಅನ್ನನಾಳದಲ್ಲಿ ಈ ಕಣ ಇರಲೇಬಾರದು. ಸೂಕ್ಷ್ಮದರ್ಶಕದಲ್ಲಿ ಬಹಳ ದೊಡ್ಡದಾಗಿಸಿ ನೋಡಿದಾಗ ಒಂದು ಸಲಕ್ಕೆ ಕಾಣುವಷ್ಟು ಜಾಗದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ, ಲಕ್ಷಣವೂ ಇದ್ದರೆ, ಬೇರೆ ಕಾರಣ ಸಿಗದಿದ್ದರೆ ಈ ಹೆಸರು. ನಿಮ್ಮವನದು 40. ರಕ್ತ ನಾರ್ಮಲ್ ಇದ್ದರೂ ಒಳಗೆ ತುಂಬಿರಬಹುದು, ಮೇಲಿನ ಉತ್ತರದಲ್ಲಿ ಹೇಳಿದ್ದು ಅದನ್ನೇ. 1990ರ ದಶಕದವರೆಗೆ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಯಾರೂ ಗುರುತಿಸಿರಲಿಲ್ಲ, ಆಸಿಡ್ ಮೇಲೆ ಬರುವುದು ಅಂತ ಗ್ಯಾಸಿನ ಮಾತ್ರೆ ಕೊಡುತ್ತಿದ್ದರು.

ಆಹಾರದ ಕೈವಾಡ ಗೊತ್ತಾಗಿದ್ದು 1995ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಆಸಿಡ್ ಔಷಧಿಗೂ ಬಗ್ಗದ ಹತ್ತು ಮಕ್ಕಳನ್ನು ತೆಗೆದುಕೊಂಡು ಊಟ ಪೂರ್ತಿ ನಿಲ್ಲಿಸಿ, ಪ್ರೋಟೀನಿನ ಬದಲು ಬಿಡಿಬಿಡಿ ಅಮೈನೋ ಆಮ್ಲ ಇರುವ ಪುಡಿ ಕಲಸಿದ ದ್ರವಾಹಾರದ ಮೇಲೆ ಇಟ್ಟರು. ಎಂಟು ಮಕ್ಕಳಿಗೆ ಪೂರ್ತಿ ವಾಸಿ, ಇಬ್ಬರಿಗೆ ಬಹಳ ಕಡಿಮೆ. ಮತ್ತೆ ಒಂದೊಂದೇ ಆಹಾರ ಕೊಟ್ಟಾಗ ತೊಂದರೆ ವಾಪಸ್ ಬಂತು. ಬರೀ ಹತ್ತು ಮಕ್ಕಳು, ಆದರೆ ಇಡೀ ಚಿಕಿತ್ಸೆಯ ದಿಕ್ಕು ಬದಲಾಯಿತು.

ಆಮೇಲೆ 2006ರಲ್ಲಿ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಮಾರ್ಕ್ ರೋಥನ್‌ಬರ್ಗ್ ತಂಡ ರೋಗಿಗಳ ಅನ್ನನಾಳದ ಚೂರಿನಲ್ಲಿ ಯಾವ ಜೀನ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ಹುಡುಕಿತು. ಎಯೋಟ್ಯಾಕ್ಸಿನ್-3 ಅನ್ನುವ ಜೀನ್ ಆರೋಗ್ಯವಂತರಿಗಿಂತ ಐವತ್ತು ಪಟ್ಟಿಗೂ ಮೇಲೆ ಚುರುಕಾಗಿತ್ತು. ಈ ಕಣಗಳನ್ನು ಬಾ ಬಾ ಅಂತ ಕರೆಯುವ ಸಂಕೇತ ಅದೇ. ಅಂದರೆ ಅನ್ನನಾಳದ ಒಳಪದರವೇ ಕರೆ ಕಳಿಸುತ್ತಿದೆ, ಕಣಗಳು ತಾವಾಗಿ ಬಂದಿಲ್ಲ.

ಈಗ ಹಾಲಿನ ವಿಷಯ. ಮೊದಲು ಹಾಲು, ಗೋಧಿ, ಮೊಟ್ಟೆ, ಸೋಯಾ, ಬೀಜಗಳು, ಮೀನು ಹೀಗೆ ಆರೂ ಗುಂಪು ಬಿಡಿಸುತ್ತಿದ್ದರು. ಮನೆಮಂದಿಗೆಲ್ಲ ಸಾಕುಬೇಕಾಗುತ್ತಿತ್ತು. 2023ರಲ್ಲಿ ಬಂದ ಅಧ್ಯಯನವೊಂದರಲ್ಲಿ 129 ದೊಡ್ಡವರನ್ನು ಎರಡು ಗುಂಪು ಮಾಡಿ ಒಬ್ಬರಿಗೆ ಹಾಲು ಮಾತ್ರ, ಇನ್ನೊಬ್ಬರಿಗೆ ಆರೂ ಬಿಡಿಸಿದರು. ಆರು ವಾರದ ನಂತರ ನೋಡಿದರೆ ಹಾಲು ಬಿಟ್ಟವರಲ್ಲಿ 34 ಪರ್ಸೆಂಟ್, ಆರೂ ಬಿಟ್ಟವರಲ್ಲಿ 40 ಪರ್ಸೆಂಟ್ ಜನರ ಅನ್ನನಾಳ ಸರಿಹೋಗಿತ್ತು. ಅಂಥ ವ್ಯತ್ಯಾಸ ಏನಿಲ್ಲ, ಅಲ್ವಾ? ಮಕ್ಕಳಲ್ಲಿ ಒಂದು ಆಹಾರ ಬಿಡಿಸುವುದಕ್ಕೂ ನಾಲ್ಕು ಬಿಡಿಸುವುದಕ್ಕೂ ಹೋಲಿಸಿದಾಗಲೂ ಚೂರು ಪರೀಕ್ಷೆಯ ಫಲ ಹೆಚ್ಚೂಕಡಿಮೆ ಒಂದೇ ಬಂತು, ಲಕ್ಷಣ ಮಾತ್ರ ನಾಲ್ಕು ಬಿಟ್ಟವರಲ್ಲಿ ಇನ್ನೂ ಚೆನ್ನಾಗಿ ಇಳಿಯಿತು. ಹಾಗಾಗಿ ನಿಮ್ಮ ಡಾಕ್ಟರ್ ಹಾಲಿನಿಂದ ಶುರು ಮಾಡಿದ್ದು ಸರಿ ಅನ್ನೋದು ನನ್ನ ಅಭಿಪ್ರಾಯ. ಗುಣ ಆಗುವುದು ಖಾತ್ರಿ ಅಂತಲ್ಲ. ಆದರೂ ಕಡಿಮೆ ಕಷ್ಟದ ದಾರಿ ಮೊದಲು ನೋಡೋದೇ ಮೇಲು.

ಪೂರ್ತಿ ಬಿಡಿಸಿ ಅಂದರೆ ಪೂರ್ತಿ. ಎಮ್ಮೆ ಹಾಲು, ಮೇಕೆ ಹಾಲು ಪರವಾಗಿಲ್ಲ ಅಂತ ಊರಲ್ಲಿ ಹೇಳುತ್ತಾರೆ, ಇದರಲ್ಲಿ ಅದು ನಡೆಯಲ್ಲ, ಪ್ರೋಟೀನ್ ಹತ್ತಿರಹತ್ತಿರ ಒಂದೇ. ಮೊಸರು, ಬೆಣ್ಣೆ, ಪೇಡ, ಖೋವಾ, ಚಾಕಲೇಟ್, ಬ್ರೆಡ್, ಬಿಸ್ಕತ್ತು ಎಲ್ಲದರ ಹಿಂದಿನ ಸಣ್ಣ ಅಕ್ಷರ ಓದಬೇಕು. ದಾವಣಗೆರೆಗೆ ಕರೆದುಕೊಂಡು ಹೋದಾಗ ಬೆಣ್ಣೆದೋಸೆ ಕೇಳುತ್ತಾನೆ, ನನಗೂ ಗೊತ್ತು. ಬೆಣ್ಣೆ ಹಾಕದೆ ಮಾಡಿಕೊಡಿ ಅಂದರೂ ಅದೇ ಕಾವಲಿ. ಖಾರ ಮಂಡಕ್ಕಿ, ಮಿರ್ಚಿ ಕೊಡಿಸಿ ಸಮಾಧಾನ ಮಾಡಿ. ನುಂಗೋಕೆ ಸುಲಭ ಅಂತ ನೀವು ಇಷ್ಟು ದಿನ ಕಲಸಿಕೊಟ್ಟ ಮಜ್ಜಿಗೆಯೇ ಒಳಗೆ ಬೆಂಕಿ ಹಚ್ಚುತ್ತಿದ್ದಿರಬಹುದು. ಕ್ಯಾಲ್ಸಿಯಂಗೆ ರಾಗಿ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಮೃದುವಾದ ಮುದ್ದೆ ಆದರೆ ನುಂಗಲೂ ಸಲೀಸು. ಎಳ್ಳು, ನುಗ್ಗೆಸೊಪ್ಪು ಸೇರಿಸಿ. ತೂಕ ತಿಂಗಳಿಗೊಮ್ಮೆ ನೋಡಿಸಿ.

6ರಿಂದ 12 ವಾರ ಆದ ಮೇಲೆ ಮತ್ತೆ ಎಂಡೋಸ್ಕೋಪಿ ಬೇಕಾಗುತ್ತೆ. ಆರಾಮಾಗಿ ತಿಂತಾನೆ, ಮತ್ತೆ ಯಾಕೆ ಅಂತ ಬಿಡಬೇಡಿ, ಈ ಕಾಯಿಲೆಯಲ್ಲಿ ಲಕ್ಷಣ ಮತ್ತು ಒಳಗಿನ ಸ್ಥಿತಿ ಒಂದಕ್ಕೊಂದು ಹೊಂದುವುದಿಲ್ಲ. ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ನಾಳ ಕಿರಿದಾಗುತ್ತೆ. ಪದೇ ಪದೇ ಎಂಡೋಸ್ಕೋಪಿ ತಪ್ಪಿಸೋಕೆ ಅಮೆರಿಕದಲ್ಲಿ ದಾರ ಕಟ್ಟಿದ ಕ್ಯಾಪ್ಸೂಲ್ ನುಂಗಿಸಿ, ಒಂದು ಗಂಟೆ ಬಿಟ್ಟು ದಾರ ಎಳೆದು, ಅದಕ್ಕೆ ಅಂಟಿದ ದ್ರವ ಪರೀಕ್ಷೆ ಮಾಡುವ ವಿಧಾನವನ್ನು ಮಕ್ಕಳಲ್ಲೂ ಪ್ರಯತ್ನಿಸಿದ್ದಾರೆ.

ಹಾಲು ಬಿಟ್ಟರೂ ಇಳಿಯದಿದ್ದರೆ ಬೇರೆ ದಾರಿ ಇವೆ. ಆಸಿಡ್ ಕಡಿಮೆ ಮಾಡುವ ಮಾತ್ರೆಗೇ ಕೆಲವು ಮಕ್ಕಳು ಸುಧಾರಿಸುತ್ತಾರೆ. ಇಲ್ಲವಾದರೆ ಬ್ಯುಡೆಸೊನೈಡ್ ಅನ್ನುವ ಸ್ಟೀರಾಯ್ಡನ್ನು ಗಟ್ಟಿ ದ್ರವವಾಗಿ ನುಂಗಿಸುತ್ತಾರೆ, ಅದು ನಾಳಕ್ಕೆ ಲೇಪ ಆಗಬೇಕು, ನುಂಗಿದ ಮೇಲೆ ಅರ್ಧ ಗಂಟೆ ನೀರು ಕೂಡ ಕುಡಿಸಬಾರದು.

ಇಂಜೆಕ್ಷನ್ ನಿಜ. ಡುಪಿಲುಮಾಬ್ ಅಂತ. ಅಮೆರಿಕದಲ್ಲಿ 2022ರ ಮೇ ತಿಂಗಳಲ್ಲಿ 12 ವರ್ಷ ಮೇಲ್ಪಟ್ಟವರಿಗೆ, 2024ರ ಜನವರಿಯಲ್ಲಿ ಒಂದು ವರ್ಷದಿಂದಲೇ, ಕನಿಷ್ಠ 15 ಕೆಜಿ ತೂಕ ಇದ್ದರೆ, ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ದುಬಾರಿ, ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟುಕದಷ್ಟು. ಮೊದಲ ಹೆಜ್ಜೆಗೆ ಅದು ಬೇಕಾಗಿಯೂ ಇಲ್ಲ.

ಆದರೆ ಇನ್ನೊಂದು ಇಂಜೆಕ್ಷನ್‌ನ ಕತೆ ಹೇಳಲೇಬೇಕು. ಬೆನ್ರಲಿಜುಮಾಬ್ ಅನ್ನುವುದು ನೇರ ಇಯೋಸಿನೋಫಿಲ್ ಕಣವನ್ನೇ ಕೊಲ್ಲುತ್ತೆ. ಕಣ ಹೋದರೆ ಕಾಯಿಲೆ ಹೋಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರಲ್ಲ? 12ರಿಂದ 65 ವರ್ಷದ 211 ಜನರಲ್ಲಿ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಮದ್ದು ಪಡೆದವರಲ್ಲಿ 87 ಪರ್ಸೆಂಟ್ ಜನರ ಅನ್ನನಾಳದಲ್ಲಿ ಕಣ ಹೆಚ್ಚೂಕಡಿಮೆ ಮಾಯ. ಹೋಲಿಕೆಗೆ ಅಂತ ಮದ್ದಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಇದು 6.5 ಪರ್ಸೆಂಟ್ ಮಾತ್ರ. ಇಷ್ಟಾದರೂ ನುಂಗುವ ಕಷ್ಟ ಎರಡೂ ಗುಂಪಿನಲ್ಲಿ ಒಂದೇ ಥರ ಉಳಿಯಿತು. ಎಣಿಕೆ ಇಳಿಯಿತು, ರೋಗಿ ಹಾಗೇ ಇದ್ದ. ಡುಪಿಲುಮಾಬ್ ಕೆಲಸ ಮಾಡುವುದು ಅದಕ್ಕಿಂತ ಮೇಲಿನ ಹಂತದಲ್ಲಿ, ಒಳಪದರವನ್ನು ಸಡಿಲ ಮಾಡಿ ಕಣಗಳನ್ನು ಕರೆಸುವ ಸಂಕೇತಗಳನ್ನೇ ತಡೆಯುತ್ತೆ, ಅದರಿಂದ ಲಕ್ಷಣವೂ ಇಳಿಯುತ್ತೆ. ರಿಪೋರ್ಟ್‌ನಲ್ಲಿ ಇಯೋಸಿನೋಫಿಲ್ ಸಂಖ್ಯೆಗೆ ಕೆಂಪು ಗೆರೆ ಎಳೆದು ಅದನ್ನು ಇಳಿಸಿ ಕೊಡಿ ಅಂತ ಕೇಳುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ನಾವು ಶೇಂಗಾ ಬೆಳೆಯುವವರು. ಮೊಮ್ಮಗಳಿಗೆ ಎಂಟು ತಿಂಗಳು. ಸೊಸೆ ಮೊಬೈಲಲ್ಲಿ ಓದಿ ಮೂರು ವರ್ಷದವರೆಗೆ ಶೇಂಗಾ ಮುಟ್ಟಿಸಬಾರದು ಅಂತಾಳೆ. ನಮ್ಮನೆಯಲ್ಲಿ ಶೇಂಗಾ ಎಣ್ಣೆ, ಶೇಂಗಾ ಚಟ್ನಿ ಬಿಟ್ಟು ಅಡಿಗೆ ಎಲ್ಲಿದೆ?
ಒಬ್ಬ ಅಜ್ಜಿ, ಹಿರಿಯೂರು ತಾಲ್ಲೂಕು

ಉತ್ತರ: ಸೊಸೆ ಓದಿದ್ದು ಹಳೇ ಸುದ್ದಿ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಅಲರ್ಜಿ ಮನೆತನದ ಮಕ್ಕಳಿಗೆ ಹಾಗೇ ಹೇಳಿತ್ತು. 2008ರಲ್ಲಿ ಆ ಸಲಹೆ ಕೈಬಿಟ್ಟಿತು. ಹೇಳಿದ್ದು ವಾಪಸ್ ಹೋದರೂ ಹೆದರಿಕೆ ವಾಪಸ್ ಹೋಗಲಿಲ್ಲ.

ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಒಂದು ವಿಚಿತ್ರ ಗಮನಿಸಿತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ರಕ್ತ ಒಂದೇ, ಆದರೆ ಇಸ್ರೇಲಿನಲ್ಲಿ ಹಲ್ಲು ಬರುವ ಮುಂಚೆಯೇ ಕೂಸುಗಳು ಶೇಂಗಾ ಕುರುಕಲು ಚೀಪುತ್ತವೆ. ಆಮೇಲೆ 4ರಿಂದ 11 ತಿಂಗಳ 640 ಕೂಸುಗಳನ್ನು ತೆಗೆದುಕೊಂಡರು. ಎಲ್ಲವೂ ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದಂಥವು, ಅಂದರೆ ಶೇಂಗಾ ಅಲರ್ಜಿ ಬರುವ ಸಂಭವ ಜಾಸ್ತಿ ಇದ್ದವು. ಅರ್ಧ ಮಕ್ಕಳಿಗೆ ಐದು ವರ್ಷದವರೆಗೆ ಶೇಂಗಾ ಕೊಟ್ಟರು, ಇನ್ನರ್ಧಕ್ಕೆ ಕೊಡಲಿಲ್ಲ. 2015ರಲ್ಲಿ ಲೆಕ್ಕ ಹೊರಬಿತ್ತು. ಕೊಡದವರಲ್ಲಿ 17.2 ಪರ್ಸೆಂಟ್ ಮಕ್ಕಳಿಗೆ ಅಲರ್ಜಿ, ಕೊಟ್ಟವರಲ್ಲಿ 3.2 ಮಾತ್ರ. ಆ ಮಕ್ಕಳು ಹದಿವಯಸ್ಸಿಗೆ ಬಂದ ಮೇಲೆ 2024ರಲ್ಲಿ ಮತ್ತೆ ನೋಡಿದರು, ಲಾಭ ಉಳಿದೇ ಇತ್ತು.

ಹಾಗಾಗಿ ಅಜ್ಜಿ, ಹುರಿದ ಶೇಂಗಾ ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿ. ರಾಗಿ ಸರಿಗೆ ಕಾಲು ಚಮಚ ಬೆರೆಸಿ, ಹಗಲು ಹೊತ್ತು, ಮಗು ಆರಾಮಾಗಿರುವ ದಿನ ಶುರು ಮಾಡಿ. ಒಗ್ಗಿದರೆ ವಾರಕ್ಕೆ ಮೂರು ಸಲ ಕೊಡುತ್ತಾ ಹೋಗಿ, ಮಧ್ಯೆ ತಿಂಗಳುಗಟ್ಟಲೆ ಬಿಡಬೇಡಿ. ಇಡೀ ಕಾಳು ಮಾತ್ರ ನಾಲ್ಕೈದು ವರ್ಷದವರೆಗೆ ಬೇಡವೇ ಬೇಡ, ಅದು ಅಲರ್ಜಿಗಲ್ಲ, ಶ್ವಾಸನಾಳಕ್ಕೆ ಹೋಗಿ ಕೂತರೆ ಪ್ರಾಣಕ್ಕೆ ಬರುತ್ತೆ. ಬೂಸ್ಟು ಹಿಡಿದ ಕಾಳು ಆರಿಸಿ ಬಿಸಾಕಿ. ಮಗುವಿಗೆ ಮೈತುಂಬ ಇಸುಬು ಇದ್ದರೆ, ಮೊಟ್ಟೆ ತಿಂದು ಗಂದೆ ಎದ್ದಿದ್ದರೆ, ಮೊದಲ ಚಮಚ ಡಾಕ್ಟರ್ ಹತ್ತಿರ ಕೇಳಿಯೇ ಕೊಡಿ.

ಪ್ರಶ್ನೆ: ಊರಿಗೆ ಬಂದ ಲ್ಯಾಬ್ ಕ್ಯಾಂಪಿನಲ್ಲಿ ಮಗಳ ರಕ್ತ ಕೊಟ್ಟು ಆಹಾರ ಅಲರ್ಜಿ ಟೆಸ್ಟ್ ಮಾಡಿಸಿದೆವು. 34 ಪದಾರ್ಥ ಪಾಸಿಟಿವ್. ತೊಗರಿ, ಟೊಮೆಟೊ, ಅಕ್ಕಿ, ಗೋಧಿ ಎಲ್ಲ ಇವೆ. ಎರಡು ತಿಂಗಳಿಂದ ಬಿಡಿಸಿದ್ದೇವೆ. ಎರಡು ಕೆಜಿ ಇಳಿದಿದ್ದಾಳೆ, ಸೀನು ಮಾತ್ರ ನಿಂತಿಲ್ಲ.
ಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಮೇಡಂ, ಇವತ್ತು ರಾತ್ರಿ ಅನ್ನ ಸಾರು ಬಡಿಸಿ. ಇಷ್ಟು ದಿನ ತಿಂದು ಏನೂ ಆಗದಿದ್ದ ಊಟವನ್ನು ಒಂದು ಕಾಗದ ನೋಡಿ ನಿಲ್ಲಿಸಬಾರದಿತ್ತು.

ನೀವು ಕಳಿಸಿದ ಹಾಳೆಯ ಮೂಲೆಯಲ್ಲಿ ಐಜಿಜಿ ಅಂತಿದೆ, ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯದ ಹೆಸರು. ಅದನ್ನು ಅಳೆಯುವುದು ಅಲರ್ಜಿ ಪರೀಕ್ಷೆಯೇ ಅಲ್ಲ. ಮಗು ಏನು ತಿಂದಿದೆ ಅನ್ನೋದಷ್ಟೇ ಅದರಲ್ಲಿ ಕಾಣುತ್ತೆ, ಅನ್ನ ತಿನ್ನುವವರಿಗೆ ಅಕ್ಕಿ ಪಾಸಿಟಿವ್ ಬಂದರೆ ಆಶ್ಚರ್ಯ ಏನಿದೆ? ಜಗತ್ತಿನ ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಅಂತಲೇ ಹೇಳಿವೆ. ನಿಜವಾದ ಅಲರ್ಜಿಯಲ್ಲಿ ನೋಡುವುದು ಐಜಿಇ ಅನ್ನುವ ಬೇರೆ ಪ್ರತಿಕಾಯ.

ಅದಾದರೂ ಪೂರ್ತಿ ನಂಬುವ ಹಾಗಿಲ್ಲ, ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. ಯುರೋಪ್ರಿವಾಲ್ ಅನ್ನುವ ದೊಡ್ಡ ಅಧ್ಯಯನದ ಭಾಗವಾಗಿ ಬೆಂಗಳೂರು, ಮೈಸೂರಿನಲ್ಲಿ ಪರೀಕ್ಷೆ ಮಾಡಿದರು. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ತಂಡದವರು 2016ರಲ್ಲಿ ಪ್ರಕಟಿಸಿದ ಪ್ರಕಾರ ದೊಡ್ಡವರಲ್ಲಿ 26.5 ಪರ್ಸೆಂಟ್ ಜನರ ರಕ್ತದಲ್ಲಿ 24 ಆಹಾರಗಳಲ್ಲಿ ಒಂದಕ್ಕಾದರೂ ಐಜಿಇ ಪಾಸಿಟಿವ್. ಆದರೆ ಆ ಆಹಾರ ತಿಂದು ತೊಂದರೆ ಆಗುವವರು, ಅಂದರೆ ಅಲರ್ಜಿ ಇದೆ ಅನ್ನಬಹುದಾದವರು, 1.2 ಪರ್ಸೆಂಟ್. ಶಾಲಾ ಮಕ್ಕಳ ಲೆಕ್ಕ 2020ರಲ್ಲಿ ಬಂತು: ಹಾಂಗ್‌ಕಾಂಗ್‌ನಲ್ಲಿ 1.5 ಪರ್ಸೆಂಟ್ ಇದ್ದರೆ ನಮ್ಮಲ್ಲಿ 0.14. ಸಾವಿರ ಮಕ್ಕಳಿಗೆ ಒಂದೋ ಎರಡೋ. ನಿಮ್ಮ ಮಗಳೊಬ್ಬಳಿಗೇ 34 ಆಹಾರದ ಅಲರ್ಜಿ ಅಂದರೆ ನಂಬೋದು ಹೇಗೆ?

ನಿಜವಾದ ಆಹಾರ ಅಲರ್ಜಿ ಗುಟ್ಟಾಗಿ ಇರಲ್ಲ. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗಂದೆ ಏಳುತ್ತೆ, ತುಟಿ ಊದುತ್ತೆ, ವಾಂತಿ ಆಗುತ್ತೆ. ಮತ್ತೆ ತಿಂದರೆ ಮತ್ತೆ ಹಾಗೇ ಆಗುತ್ತೆ. ಅದರ ಜೊತೆ ಉಸಿರು ಕಟ್ಟಿದರೆ, ಮಗು ಮಂಕಾಗಿ ಕುಸಿದರೆ ಕೂಡಲೇ 108ಕ್ಕೆ ಫೋನ್ ಮಾಡಿ, ಅಂಗಾತ ಮಲಗಿಸಿ. ಉಸಿರಾಟ ಕಷ್ಟ ಆದರೆ ಕೂರಿಸಿ. ಆಸ್ಪತ್ರೆಯಲ್ಲಿ ಮೊದಲು ಬೇಕಾಗಿದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್, ಸೆಟ್ರಿಜಿನ್ ಮಾತ್ರೆ ಆಮೇಲೆ. ಈ ಸಾಲನ್ನು ನಿಮ್ಮ ಶಾಲೆಯ ಆಫೀಸಿನಲ್ಲೂ ಬರೆದು ಅಂಟಿಸಿ.

ಮಗಳ ಸೀನಿಗೆ ದೂಳಿನ ಹುಳ, ಪರಾಗ ಹೀಗೆ ಉಸಿರಿನಲ್ಲಿ ಹೋಗುವುದನ್ನು ಹುಡುಕಿ, ತಟ್ಟೆಯನ್ನಲ್ಲ.

ಪ್ರಶ್ನೆ: ಉಬ್ಬಸಕ್ಕೆ ಪಂಪ್ (ಇನ್ಹೇಲರ್) ಕೊಟ್ಟರೆ ಚಟ ಆಗುತ್ತಂತೆ, ಮಗು ಎತ್ತರ ಬೆಳೆಯಲ್ಲವಂತೆ. ಹೌದಾ?
ಹರಿಹರದಿಂದ

ಉತ್ತರ: ಚಟ ಆಗಲ್ಲ. ಎತ್ತರದ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಎಷ್ಟು ಅಂತ ಅಳೆದೂ ಇದ್ದಾರೆ. ಉಬ್ಬಸದ ಮಕ್ಕಳಿಗೆ ನಾಲ್ಕೈದು ವರ್ಷ ದಿನಾ ಬ್ಯುಡೆಸೊನೈಡ್ ಪಂಪ್ ಕೊಟ್ಟು, ಅವರು ದೊಡ್ಡವರಾದ ಮೇಲೆ ಅಳೆದು 2012ರಲ್ಲಿ ಪ್ರಕಟಿಸಿದರು. ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಒಂದು ಬೆರಳಿನ ಅಗಲವೂ ಇಲ್ಲ. ರಾತ್ರಿಯಿಡೀ ಕೂತು ದಮ್ಮು ಎಳೆಯುವ ಮಗು ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೆ. ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆ ಪಂಪ್‌ಗೆ ಸಿಕ್ಕಿಸಿ ಕೊಡಿ, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ, ಆರಾಮಾದ ಮೇಲೆ ಡೋಸ್ ಇಳಿಸೋದು ಡಾಕ್ಟರ್‌ಗೆ ಬಿಡಿ. ವರ್ಷಕ್ಕೆ ನಾಲ್ಕೈದು ಸಲ ಸ್ಟೀರಾಯ್ಡ್ ಸಿರಪ್ ಕುಡಿಸುವವರು ಪಂಪ್‌ಗೆ ಹೆದರುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಪ್ರಶ್ನೆ: ಮೃಗಶಿರ ಮಳೆಗೆ ಹೈದರಾಬಾದ್‌ಗೆ ಹೋಗಿ ಮೀನಿನ ಔಷಧಿ ನುಂಗಿಸಿದರೆ ಉಬ್ಬಸ ಹೋಗುತ್ತಾ?
ಜಗಳೂರಿನಿಂದ

ಉತ್ತರ: ಹೋಗುತ್ತೆ ಅನ್ನೋಕೆ ವೈಜ್ಞಾನಿಕ ಆಧಾರ ಇಲ್ಲ. ಹೋಗಲೇಬೇಕು ಅಂದರೆ ಹೋಗಿ, ಪಂಪ್ ಮಾತ್ರ ಚೀಲದಲ್ಲಿರಲಿ, ಅಷ್ಟು ಜನರ ನೂಕುನುಗ್ಗಲಲ್ಲಿ ಬೇಕಾಗುತ್ತೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಇಷ್ಟೊಂದು ಅಲರ್ಜಿ ಇರಲಿಲ್ಲ. ಈಗ ಯಾಕೆ? ಮೆಕ್ಕೆಜೋಳದ ದೂಳು, ಕಾಂಗ್ರೆಸ್ ಗಿಡ ಕಾರಣವಾ?
ನಿವೃತ್ತ ನೌಕರರು, ದಾವಣಗೆರೆ

ಉತ್ತರ: ಇದ್ದವು, ಇಷ್ಟಿರಲಿಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು: 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಉಬ್ಬಸ, 1999ರಲ್ಲಿ 29.5. ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ, ಆದರೂ ಏರಿದ್ದು ಕಾಣುತ್ತೆ.

ಕಾಂಗ್ರೆಸ್ ಗಿಡದ ಪರಾಗ ಮೂಗಿನ ಅಲರ್ಜಿಗೆ ಖಂಡಿತ ಕಾರಣ. ಮೆಕ್ಕೆಜೋಳ ಒಕ್ಕುವ ದೂಳು, ಅದರಲ್ಲಿರುವ ಬೂಸ್ಟು, ಹೊಟ್ಟು ಸುಡುವ ಹೊಗೆ ಇವು ಇರುವ ಉಬ್ಬಸವನ್ನು ಕೆರಳಿಸುತ್ತವೆ. ಆದರೆ ದೂಳು ಎಲ್ಲ ಒಂದೇ ಅಲ್ಲ, ಇಲ್ಲೇ ಇರೋದು ಮಜಾ. ಅಮೆರಿಕದಲ್ಲಿ ಆಮಿಶ್, ಹಟ್ಟರೈಟ್ ಅಂತ ಎರಡು ರೈತ ಪಂಗಡ. ಮೂಲ ಒಂದೇ ಕಡೆಯದು, ಊಟ, ಜೀವನ ಬಹುಪಾಲು ಒಂದೇ ಥರ. ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಕೊಟ್ಟಿಗೆ ಮನೆಗೆ ಹತ್ತಿರ, ಮಕ್ಕಳು ಅಲ್ಲೇ ಆಡುತ್ತವೆ. ಹಟ್ಟರೈಟರದು ದೊಡ್ಡ ಯಂತ್ರದ ಬೇಸಾಯ, ಕೊಟ್ಟಿಗೆ ದೂರ. ಉಬ್ಬಸ ಆಮಿಶ್ ಮಕ್ಕಳಲ್ಲಿ 5.2 ಪರ್ಸೆಂಟ್, ಹಟ್ಟರೈಟ್ ಮಕ್ಕಳಲ್ಲಿ 21.3. ಆಮಿಶ್ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಆರೇಳು ಪಟ್ಟು ಜಾಸ್ತಿ ಇತ್ತು. ಆ ದೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅವಕ್ಕೆ ಉಬ್ಬಸ ಬರುವುದು ಕಡಿಮೆಯಾಯಿತು. ಇದು 2016ರ ಸಂಶೋಧನೆ.

ಅದಕ್ಕೇ ನೀವು ಸಗಣಿ ಬಾಚಿದ ಅಂಗಳದಲ್ಲಿ ಬೆಳೆದಿದ್ದಕ್ಕೂ, ಮೊಮ್ಮಗ ಮೂರನೇ ಮಹಡಿಯ ಟೈಲ್ಸ್ ಮೇಲೆ ಬೆಳೆಯುವುದಕ್ಕೂ ಸಂಬಂಧ ಇರಬಹುದು. ಆದರೆ ಈಗಾಗಲೇ ಉಬ್ಬಸ ಇರುವ ಮಗುವನ್ನು ಕೊಟ್ಟಿಗೆಗೆ ಬಿಟ್ಟರೆ ವಾಸಿ ಆಗುತ್ತೆ ಅಂತ ಸುಮ್ನೆ ಪ್ರಯೋಗ ಮಾಡಬೇಡಿ, ಆ ಲಾಭ ಇದ್ದರೆ ಅದು ಕೂಸಾಗಿದ್ದಾಗಿನಿಂದ ಸಿಗಬೇಕಾದದ್ದು.

ಪ್ರಶ್ನೆ: ಅಲರ್ಜಿ ಇರುವ ಮಗು ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ತೆಗೆದುಕೊಳ್ಳಬಹುದಾ? ಹೆದರಿ ಹೋದ ಸಲ ಶಾಲೆಗೇ ಕಳಿಸಲಿಲ್ಲ.
ಹೊಳಲ್ಕೆರೆಯಿಂದ

ಉತ್ತರ: ತೆಗೆದುಕೊಳ್ಳಬಹುದು, ತೆಗೆದುಕೊಳ್ಳಬೇಕು. ಫೆಬ್ರುವರಿ 10 ಮತ್ತು ಆಗಸ್ಟ್ 10ಕ್ಕೆ ಕೊಡುವುದು ಆಲ್ಬೆಂಡಜೋಲ್. ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂನ ಇಡೀ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಪುಡಿ ಮಾಡಿ. ನೀರಿನ ಜೊತೆ ಅಗಿದು ನುಂಗಬೇಕು. ಹುಳ ಇದ್ದರೆ ಆ ದಿನ ಸ್ವಲ್ಪ ಹೊಟ್ಟೆ ನೋವು, ವಾಕರಿಕೆ ಆಗಬಹುದು, ಅದು ಅಲರ್ಜಿ ಅಲ್ಲ. ಹಿಂದೆ ಇದೇ ಮಾತ್ರೆಗೆ ಮೈಮೇಲೆ ಗಂದೆ ಎದ್ದಿದ್ದರೆ ಮಾತ್ರ ಬೇಡ, ಟೀಚರ್‌ಗೆ ಮೊದಲೇ ಹೇಳಿ. ಅವತ್ತು ಜ್ವರ ಅಥವಾ ದಮ್ಮು ಇದ್ದರೆ ಒಂದು ವಾರ ಬಿಟ್ಟು ಬಾಕಿ ಉಳಿದವರಿಗೆ ಮತ್ತೆ ಕೊಡುತ್ತಾರೆ, ಆಗ ಹಾಕಿಸಿ. ಎಣಿಕೆ ಜಾಸ್ತಿ ಇದೆ ಅಂತ ರಕ್ತ ಪರೀಕ್ಷೆ ಮತ್ತೆ ಮಾಡಿಸುವವರಿದ್ದರೆ, ಈ ಮಾತ್ರೆ ಆಗಿ ಒಂದು ತಿಂಗಳಾದ ಮೇಲೆ ಮಾಡಿಸಿ.